15 ವರ್ಷದ ಪೆಟ್ರೋಲ್ ಕಾರು: ನಿಂತಲ್ಲಿ ಬಿಸಿ, ಬ್ರೇಕ್ ಕರಕರ, ಜೇಬು ಖಾಲಿ. ಮೊದಲು ಯಾವುದಕ್ಕೆ ಕೈ ಹಾಕೋದು?

ಹಳೇಬಂಡಿ
ನಮಸ್ಕಾರ. 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರ್, ಮ್ಯಾನುಯಲ್ ಗೇರು, 15 ವರ್ಷ ಹಳೇದು. ಮೀಟರ್ 1,38,000 ಕಿ.ಮೀ. ತೋರಿಸುತ್ತೆ, ಮೀಟರ್ ತಾನೇ, ಏನು ಬೇಕಾದರೂ ತೋರಿಸಬಹುದು. ಸರ್ವಿಸ್ ದಾಖಲೆ ಒಂದು ಚೀಟಿಯೂ ಇಲ್ಲ. ತೊಂದರೆಗಳು ಹೀಗಿವೆ:

ಟ್ರಾಫಿಕ್ಕಲ್ಲಿ ಐದಾರು ನಿಮಿಷ ನಿಂತರೆ ಟೆಂಪರೇಚರ್ ಮುಳ್ಳು ಮೇಲೇರುತ್ತೆ. ಓಡೋಕೆ ಶುರುವಾದರೆ ತಾನಾಗೇ ಇಳಿಯುತ್ತೆ. ವಾರಕ್ಕೆ ಅರ್ಧ ಲೀಟರ್ ಕೂಲಂಟ್ ಮಾಯ, ನೆಲದ ಮೇಲೆ ಒಂದು ಹನಿ ಗುರುತಿಲ್ಲ.
ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ಓಡೋ ವೇಗ) 600ರಿಂದ 1000 ಆರ್‌ಪಿಎಂಗೆ ಉಯ್ಯಾಲೆ ಆಡುತ್ತೆ. ಚೆಕ್ ಎಂಜಿನ್ ದೀಪ ಉರಿತಿದೆ. ಸ್ಕ್ಯಾನರಲ್ಲಿ ಪಿ0128 ಮತ್ತು ಪಿ0171 ಅನ್ನೋ ತೊಂದರೆ ಕೋಡ್ ಬಂತು.
ಮುಂದಿನ ಎಡಚಕ್ರದ ಕಡೆ ಬ್ರೇಕ್ ಒತ್ತಿದರೆ ಕಬ್ಬಿಣ ಉಜ್ಜಿದ ಸದ್ದು.

ಗ್ಯಾರೇಜಲ್ಲಿ ಬಾನೆಟ್ ಎತ್ತಿ ನೋಡಿ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು" ಅಂದರು. ಅದಕ್ಕೆ ದುಡ್ಡಿಲ್ಲ. ಸ್ಪ್ಯಾನರ್ ಸೆಟ್, ಮಲ್ಟಿಮೀಟರ್, ಅಗ್ಗದ ಒಬಿಡಿ ಬ್ಲೂಟೂತ್ ಸ್ಕ್ಯಾನರ್ ಇದೆ. ಎಲ್ಲಿಂದ ಶುರು ಮಾಡಲಿ?

ಟರ್ಬೋತಮ್ಮ
ಮಾರಿಬಿಡಿ ಗುರು. ಈ ಪೋಸ್ಟ್ ಮಾತ್ರ ತೆಗೆದುಕೊಳ್ಳೋರಿಗೆ ತೋರಿಸಬೇಡಿ.

ಕೀಲೆಣ್ಣೆ
ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂತಿರೋ ಗ್ಯಾಸ್ಕೆಟ್ಟನ್ನ ಬಾನೆಟ್ ಎತ್ತಿ ಕಣ್ಣಲ್ಲೇ ನೋಡೋ ವಿದ್ಯೆ ಇನ್ನೂ ಯಾರಿಗೂ ಬಂದಿಲ್ಲ. ಪರೀಕ್ಷೆ ಮಾಡದೆ ಗ್ಯಾಸ್ಕೆಟ್ ಅಂದವರ ಮಾತಿಗೆ ಒಂದು ಬೋಲ್ಟೂ ಬಿಚ್ಚಬೇಡಿ.

ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ನಿಂತಾಗ ಬಿಸಿ, ಓಡಿದಾಗ ತಂಪು ಅಂದರೆ ರೇಡಿಯೇಟರಿಗೆ ನಿಂತಾಗ ಗಾಳಿ ಬರುತ್ತಿಲ್ಲ. ಫ್ಯಾನ್ ನೋಡಿ. ಇದರ ಉಲ್ಟಾ, ಸಿಟಿಯಲ್ಲಿ ಸರಿ ಇದ್ದು ಹೈವೇಲಿ ಬಿಸಿಯಾದರೆ ರೇಡಿಯೇಟರ್ ಒಳಗೆ ಕಟ್ಟಿದೆ, ಇಲ್ಲ ವಾಟರ್ ಪಂಪ್ ಸೋತಿದೆ ಅಂತ ಅನುಮಾನ ಪಡಬೇಕು. ಗ್ಯಾಸ್ಕೆಟ್ ಹೋದ ಎಂಜಿನ್ ಸಾಮಾನ್ಯವಾಗಿ ಲೋಡ್ ಬಿದ್ದಾಗ, ಏರಿನಲ್ಲಿ, ಹೆಚ್ಚು ಬಿಸಿಯಾಗುತ್ತೆ. ಓಡಿದ ಕೂಡಲೇ ತಣ್ಣಗಾಗಲ್ಲ.

ಆದರೂ ಅನುಮಾನ ಉಳಿಸಿಕೊಳ್ಳಬೇಡಿ, ಮೂರು ಕೆಲಸ ಮಾಡಿ. ಒಂದು, ರಾತ್ರಿಯೆಲ್ಲ ನಿಂತ ಎಂಜಿನ್ನನ್ನ ಬೆಳಿಗ್ಗೆ ಸ್ಟಾರ್ಟ್ ಮಾಡಿ ಒಂದೇ ನಿಮಿಷಕ್ಕೆ ರೇಡಿಯೇಟರಿನ ಮೇಲಿನ ಹೋಸ್ ಹಿಸುಕಿ. ಎಂಜಿನ್ ಇನ್ನೂ ತಣ್ಣಗಿರುವಾಗಲೇ ಹೋಸ್ ಕಲ್ಲಿನಂತಾಗಿದ್ದರೆ ಸಿಲಿಂಡರಿನ ಗ್ಯಾಸ್ ಕೂಲಂಟಿಗೆ ನುಗ್ಗುತ್ತಿದೆ. ಎರಡು, ಬ್ಲಾಕ್ ಟೆಸ್ಟರ್. ನೀಲಿ ದ್ರವದ ಕೊಳವೆ, ರೇಡಿಯೇಟರ್ ಬಾಯಿಗಿಟ್ಟು ಮೇಲಿನ ಗಾಳಿ ಎಳೆಯೋದು. ದ್ರವ ಹಳದಿಗೆ ತಿರುಗಿದರೆ ಗ್ಯಾಸ್ಕೆಟ್ಟೋ ಬಿರುಕೋ ಗ್ಯಾರಂಟಿ. ಮೂರು, ಕಂಪ್ರೆಷನ್ ಟೆಸ್ಟ್. ನಾಲ್ಕೂ ಪ್ಲಗ್ ಹೊರಗೆ, ಫ್ಯೂಯಲ್ ಪಂಪ್ ಫ್ಯೂಸ್ ತೆಗೆದು, ಇಗ್ನಿಷನ್ ಕಾಯಿಲ್ ಕನೆಕ್ಟರ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಪ್ರತಿ ಸಿಲಿಂಡರಿಗೆ ಐದಾರು ಸುತ್ತು. ಪೆಟ್ರೋಲ್ ಎಂಜಿನ್ನಲ್ಲಿ 10ರಿಂದ 13 ಬಾರ್ ಆರೋಗ್ಯ. ಅದಕ್ಕಿಂತ ಮುಖ್ಯ, ನಾಲ್ಕರ ನಡುವೆ ಶೇ. 10ಕ್ಕಿಂತ ಹೆಚ್ಚು ಅಂತರ ಇರಬಾರದು. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಮ್ಮಿ ಬಂದರೆ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿರುತ್ತೆ.

ಆಯಿಲ್ ಕ್ಯಾಪಿನ ಕೆಳಗೆ ಬೆಣ್ಣೆ ಬಣ್ಣದ ನೊರೆ ಕಂಡರೆ ತಕ್ಷಣ ಗಾಬರಿ ಬೇಡ. ಬರೀ ಒಂದೆರಡು ಕಿ.ಮೀ. ಓಡಿಸೋ ಗಾಡಿಯಲ್ಲಿ ಒಳಗಿನ ತೇವವೇ ಹಾಗೆ ಕಟ್ಟಿಕೊಳ್ಳುತ್ತೆ. ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣ ಇದ್ದರೆ ಮಾತ್ರ ಚಿಂತೆ.

ವೋಲ್ಟ್‌ಮೀಟರ್
ಫ್ಯಾನ್ ಪತ್ತೆ ಅರ್ಧ ಗಂಟೆ ಕೆಲಸ. ಮೊದಲು ಫ್ಯೂಸ್. ಕಣ್ಣಲ್ಲಿ ನೋಡಿ ಸಾಕು ಅನ್ನಬೇಡಿ, ಮೀಟರಲ್ಲಿ ಕಂಟಿನ್ಯುಟಿ ನೋಡಿ. ಆಮೇಲೆ ರಿಲೇ. ಅದೇ ಪೆಟ್ಟಿಗೆಯಲ್ಲಿ ಹಾರ್ನಿನ ರಿಲೇ ಅದೇ ನಮೂನೆಯದು, ಅದೇ ನಂಬರಿನದು ಇದ್ದರೆ ಅದನ್ನ ಫ್ಯಾನಿನ ಜಾಗಕ್ಕೆ ಹಾಕಿ ನೋಡಿ. ಆಗಲೂ ತಿರುಗದಿದ್ದರೆ ರಿಲೇ ಕಿತ್ತು, ಸಾಕೆಟ್ಟಿನ 30 ಮತ್ತು 87ಕ್ಕೆ ಫ್ಯೂಸ್ ಇರೋ ದಪ್ಪ ವೈರಿಂದ ಜಂಪ್ ಕೊಡಿ. ಫ್ಯಾನ್ ತಿರುಗಿತಾ, ಮೋಟರ್ ಸರಿ ಇದೆ, ತಪ್ಪು ಕಂಟ್ರೋಲ್ ಕಡೆ: ಸೆನ್ಸರ್, ವೈರು, ಇಸಿಯು (ಎಂಜಿನ್ ಕಂಪ್ಯೂಟರ್). ತಿರುಗಲಿಲ್ವಾ, ಮೋಟರಿನ ಕನೆಕ್ಟರ್ ಬಿಚ್ಚಿ ಅಲ್ಲಿ ವೋಲ್ಟೇಜ್ ನೋಡಿ. 12 ಬರ್ತಿದ್ದು ಫ್ಯಾನ್ ಸುಮ್ಮನಿದ್ದರೆ ಅರ್ಥಿಂಗ್ ಅಥವಾ ಮೋಟರ್.

ಇನ್ನೊಂದು ಉಪಾಯ: ಎಂಜಿನ್ ಓಡುವಾಗ ಕೂಲಂಟ್ ಟೆಂಪರೇಚರ್ ಸೆನ್ಸರಿನ ಪ್ಲಗ್ ಕಿತ್ತರೆ ಎಷ್ಟೋ ಗಾಡಿಗಳಲ್ಲಿ ಇಸಿಯು ಹೆದರಿ ಫ್ಯಾನ್ ಪೂರ್ತಿ ಓಡಿಸುತ್ತೆ.

ಫ್ಯಾನಿನ ಬಳಿ ಕೈ ಹಾಕೋ ಮುಂಚೆ ಅದರ ಕನೆಕ್ಟರ್ ಬಿಚ್ಚಿರಬೇಕು. ಕೀ ತೆಗೆದಿದ್ದರೂ ತಟ್ಟನೆ ತಿರುಗೋ ಫ್ಯಾನುಗಳಿವೆ. ಬೆರಳು ಸ್ಪೇರ್ ಸಿಗಲ್ಲ.

ಗೇರ್‌ನಾಲ್ಕು
ಮಾರಾಯ್ರೇ, ಎಲ್ಲರೂ ಬಿಸಿ ಬಿಸಿ ಅಂತಿದ್ದೀರಿ, ಪಿ0128 ಎಂತ ಹೇಳ್ತದೆ ನೋಡಿದಿರಾ? ಎಂಜಿನ್ ಬೇಕಾದಷ್ಟು ಬಿಸಿ ಆಗ್ತಾ ಇಲ್ಲ ಅಂತ. ಒಂದೇ ಗಾಡಿಯಲ್ಲಿ ಬಿಸಿಯ ದೂರೂ ಉಂಟು, ಚಳಿಯ ದೂರೂ ಉಂಟು. ಇದಕ್ಕೆ ನನಗೆ ಹೊಳೆಯುವ ಅರ್ಥ ಒಂದೇ: ಹಿಂದೆ ಯಾರೋ ಫ್ಯಾನ್ ರಿಪೇರಿ ಮಾಡುವ ಬದಲು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕಿತ್ತು ಬಿಸಾಡಿದ್ದಾರೆ. ಓಡುವಾಗ ಅತಿ ತಂಪು, ನಿಂತಾಗ ಫ್ಯಾನ್ ಇಲ್ಲದೆ ಅತಿ ಬಿಸಿ.

ಸ್ಕ್ಯಾನರ್ ಹಾಕಿ ಲೈವ್ ಡೇಟಾದಲ್ಲಿ ಕೂಲಂಟ್ ಎಷ್ಟು ಡಿಗ್ರಿ ಅಂತ ನೋಡಿ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ. ಹೆಚ್ಚಿನ ಗಾಡಿಗಳಲ್ಲಿ ಅದು 75ರಿಂದ 105 ಡಿಗ್ರಿವರೆಗೂ ನಡುವಲ್ಲೇ ಕೂತಿರ್ತದೆ, ಓಡಿಸುವವರ ಮನಶ್ಶಾಂತಿಗೆ.

ಟರ್ಬೋತಮ್ಮ
ಥರ್ಮೋಸ್ಟಾಟ್ ತೆಗೆದರೆ ಒಳ್ಳೇದೇ ಅಲ್ವಾ? ಎಂಜಿನ್ ತಂಪಾಗಿರುತ್ತೆ. ಎಷ್ಟು ಜನ ಹಾಗೆ ಓಡಿಸ್ತಾರೆ.

ಕೀಲೆಣ್ಣೆ
ತಂಪು ಎಂಜಿನ್ನಿಗೆ ಒಳ್ಳೇದಲ್ಲ ತಮ್ಮಾ. 60–65 ಡಿಗ್ರಿಯಲ್ಲೇ ಓಡ್ತಾ ಇದ್ದರೆ ಇಸಿಯು ಇನ್ನೂ ವಾರ್ಮ್‌ಅಪ್ ಅಂತ ತಿಳಿದು ಪೆಟ್ರೋಲ್ ಜಾಸ್ತಿ ಸುರಿಯುತ್ತೆ. ಮೈಲೇಜ್ ಬೀಳುತ್ತೆ, ಜಾಸ್ತಿಯಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆ ತೊಳೆಯುತ್ತೆ, ಆಯಿಲ್ಲಿನ ತೇವ ಆರಲ್ಲ, ರಿಂಗ್ ಬೇಗ ಸವೆಯುತ್ತೆ. ಇನ್ನೊಂದು ತಮಾಷೆ ಅಂದರೆ ಕೆಲವು ಎಂಜಿನ್ನುಗಳ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನ ಮುಚ್ಚೋ ಕೆಲಸನೂ ಮಾಡುತ್ತೆ. ಅದನ್ನ ಕಿತ್ತರೆ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನೊಳಗೇ ಸುತ್ತು ಹೊಡೆದು ಬಿಸಿ ಇನ್ನೂ ಹೆಚ್ಚುತ್ತೆ.

ಹದಿಮೂರರಪಾನ
ಬಿಸಿ, ಚಳಿ ಎಲ್ಲ ಆಮೇಲೆ. ಬ್ರೇಕಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿರೋ ಗಾಡಿ ಇವತ್ತೇ ನಿಲ್ಲಬೇಕು. ಎಂಜಿನ್ ಕೈಕೊಟ್ಟರೆ ರಸ್ತೆ ಬದಿ ನಿಲ್ಲಿಸಬಹುದು. ಬ್ರೇಕ್ ಕೈಕೊಟ್ಟರೆ ಆ ಆಯ್ಕೆಯೂ ಇಲ್ಲ.

ಸಮತಟ್ಟು ಜಾಗ, ಹಿಂದಿನ ಚಕ್ರಕ್ಕೆ ಅಡ್ಡಕಟ್ಟೆ, ಜಾಕ್ ಹಾಕಿ ಎತ್ತಿದ ಮೇಲೆ ಆಕ್ಸಲ್ ಸ್ಟ್ಯಾಂಡ್. ಬರೀ ಜಾಕ್ ನಂಬಿ, ಇಟ್ಟಿಗೆ ಪೇರಿಸಿ ಕೈ ಹಾಕಬೇಡಿ. ಇಟ್ಟಿಗೆ ಬಿರುಕು ಬಿಡೋದು ಹೇಳಿ ಕೇಳಿ ಅಲ್ಲ. ಚಕ್ರ ಬಿಚ್ಚಿ, ಕ್ಯಾಲಿಪರಿನ (ಪ್ಯಾಡುಗಳನ್ನ ಡಿಸ್ಕಿಗೆ ಒತ್ತೋ ಭಾಗ) ಕೆಳಗಿನ ಬೋಲ್ಟ್ ತೆಗೆದು ಮೇಲಕ್ಕೆ ಮಡಚಿ. ಪೂರ್ತಿ ಬಿಚ್ಚಿದರೆ ತಂತಿ ಕಟ್ಟಿ ಸ್ಪ್ರಿಂಗಿಗೆ ತೂಗುಹಾಕಿ, ಬ್ರೇಕ್ ಹೋಸಿನ ಮೇಲೆ ಜೋತುಬಿಡಬೇಡಿ.

ಪ್ಯಾಡ್ ನೋಡುವಾಗ ಒಳಗಿನದು, ಹೊರಗಿನದು ಎರಡನ್ನೂ ಪಕ್ಕಪಕ್ಕ ಇಡಿ. ನಿಮ್ಮ ಗಾಡೀಲಿ ಒಂದೇ ಕಡೆ ಸದ್ದು ಅಂದರೆ ಒಳಗಿನದು ತಗಡಾಗಿ, ಹೊರಗಿನದು ಅರ್ಧ ಉಳಿದಿರೋ ಸಾಧ್ಯತೆ ಹೆಚ್ಚು. ಕಾರಣ, ಕ್ಯಾಲಿಪರ್ ಆಚೀಚೆ ಸರಿಯೋ ಸ್ಲೈಡ್ ಪಿನ್ ಹಿಡಿದುಕೊಂಡಿರೋದು. ಪಿಸ್ಟನ್ ಒಳಗಿನ ಪ್ಯಾಡನ್ನ ಒತ್ತುತ್ತೆ, ಕ್ಯಾಲಿಪರ್ ಸರಿಯದಿದ್ದರೆ ಹೊರಗಿನದು ಕೆಲಸಕ್ಕೇ ಬರಲ್ಲ. ಹೊಸ ಪ್ಯಾಡ್ ಹಾಕಿ ಪಿನ್ ಹಾಗೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕರಕರ.

ಪಿನ್ ಹೊರತೆಗೆದು ಹಳೇ ಗ್ರೀಸ್ ಒರೆಸಿ, ತುಕ್ಕಿದ್ದರೆ ಸಣ್ಣ ಮರಳು ಕಾಗದದಲ್ಲಿ ಉಜ್ಜಿ, ಸಿಲಿಕೋನ್ ಬ್ರೇಕ್ ಗ್ರೀಸ್ ತೆಳ್ಳಗೆ ಸವರಿ. ಪಿಸ್ಟನ್ ಹಿಂದಕ್ಕೆ ಒತ್ತುವಾಗ ಮೇಲಿನ ಡಬ್ಬಿ ತುಂಬಿ ಚೆಲ್ಲುತ್ತೇನೋ ನೋಡ್ತಾ ಇರಿ, ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತೆ. ಎಲ್ಲ ಮುಗಿದ ಮೇಲೆ, ಗಾಡಿ ಇಂಚೂ ಸರಿಸೋ ಮುಂಚೆ, ಪೆಡಲ್ ಗಟ್ಟಿಯಾಗೋವರೆಗೆ ಹತ್ತು ಹದಿನೈದು ಸಲ ಒತ್ತಿ. ಮೊದಲ ಒತ್ತು ನೆಲಕ್ಕೇ ಹೋಗುತ್ತೆ, ಅದು ಗೋಡೆ ಮುಂದೆ ಗೊತ್ತಾಗಬಾರದು.

ಎಡಕ್ಕೆ ಮಾತ್ರ ಹಾಕಿ ದುಡ್ಡು ಉಳಿಸೋ ಯೋಚನೆ ಬೇಡ. ಎರಡೂ ಕಡೆ ಒಟ್ಟಿಗೆ.

ಟರ್ಬೋತಮ್ಮ
ಬೇರಿಂಗ್ ಗ್ರೀಸ್ ಮನೇಲಿ ಡಬ್ಬಿ ತುಂಬಾ ಇರುತ್ತಲ್ಲ, ಅದನ್ನೇ ಪಿನ್ನಿಗೆ ಹಾಕಿದ್ರೆ?

ಹದಿಮೂರರಪಾನ
ಹಾಕಬೇಡಿ. ಅದು ಪೆಟ್ರೋಲಿಯಂ ಮೂಲದ್ದು. ಬ್ರೇಕಿನ ರಬ್ಬರ್ ಅದನ್ನ ಹೀರಿ ಊದಿಕೊಳ್ಳುತ್ತೆ, ಪಿನ್ ಇನ್ನೂ ಬಿಗಿಯಾಗಿ ಹಿಡಿಯುತ್ತೆ. ಹಾಗೇ ಬ್ರೇಕ್ ಆಯಿಲ್ ಡಬ್ಬಿಗೆ ಪವರ್ ಸ್ಟೀರಿಂಗ್ ಆಯಿಲ್ಲೋ ಎಂಜಿನ್ ಆಯಿಲ್ಲೋ ಒಂದು ಚಮಚ ಬಿದ್ದರೂ ಮಾಸ್ಟರ್ ಸಿಲಿಂಡರಿಂದ ಹಿಡಿದು ಎಲ್ಲ ರಬ್ಬರ್ ಬದಲಾಯಿಸೋ ಕೆಲಸ ಬರುತ್ತೆ.

ನಿಧಾನಸ್ಥ
ಜೊತೆಗೆ ಬ್ರೇಕ್ ಆಯಿಲ್ಲನ್ನೂ ಹೊಸದು ಮಾಡಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿಗೆ ಕುದಿಯಬೇಕು ಅನ್ನೋದು ಕನಿಷ್ಠ ಅಳತೆ, ನೀರು ಹೀರಿದ ಮೇಲೆ 155. ದಾಖಲೆ ಇಲ್ಲದ ಗಾಡೀಲಿ ಅದು ಎಷ್ಟು ವರ್ಷದ್ದೋ. ಡಬ್ಬಿ ಮುಚ್ಚಳದ ಮೇಲೆ ಡಾಟ್ 3, 4 ಯಾವುದು ಅಂತ ಬರೆದಿರುತ್ತೆ. ಡಾಟ್ 5 ಮಾತ್ರ ಸಿಲಿಕೋನ್, ಅದನ್ನ ಇವುಗಳ ಜೊತೆ ಬೆರೆಸಬಾರದು.

ಹಳೇಬಂಡಿ
ಅಪ್‌ಡೇಟ್. ಬೆಳಿಗ್ಗೆ ಹೋಸ್ ಹಿಸುಕಿದೆ, ಮೆತ್ತಗೇ ಇತ್ತು. ಎರವಲು ಗೇಜಲ್ಲಿ ಕಂಪ್ರೆಷನ್: 12.4, 12.2, 12.3, 11.9. ಲೈವ್ ಡೇಟಾ: ಹೈವೇಲಿ 66ರಿಂದ 70 ಡಿಗ್ರಿ, ನಿಂತರೆ 109ಕ್ಕೆ ಏರಿತು, ಅಲ್ಲಿಗೆ ಆಫ್ ಮಾಡಿದೆ.
ಫ್ಯಾನ್: ಫ್ಯೂಸ್ ಸರಿ. ಹಾರ್ನ್ ರಿಲೇ ಹಾಕಿದರೂ ತಿರುಗಲಿಲ್ಲ. ಕನೆಕ್ಟರಲ್ಲಿ 12.3 ವೋಲ್ಟ್, ಅರ್ಥಿಂಗೂ ಸರಿ. ಬ್ಯಾಟರಿಯಿಂದ ನೇರ ಕೊಟ್ಟರೂ ಅಲ್ಲಾಡಲಿಲ್ಲ.

ವೋಲ್ಟ್‌ಮೀಟರ್
ನೇರ ಕರೆಂಟ್ ಕೊಟ್ಟಿರುವಾಗಲೇ ಮೋಟರಿನ ಬೆನ್ನಿಗೆ ಸುತ್ತಿಗೆಯ ಮರದ ಹಿಡಿಯಿಂದ ಎರಡು ಏಟು ತಟ್ಟಿ. ಎದ್ದು ತಿರುಗಿದರೆ ಮೋಟರಿನೊಳಗೆ ಕರೆಂಟ್ ಮುಟ್ಟಿಸೋ ಕಾರ್ಬನ್ ಬ್ರಷ್ ಸವೆದಿದೆ.

ಹಳೇಬಂಡಿ
ತಟ್ಟಿದೆ, ತಿರುಗಿತು! ನಿಲ್ಲಿಸಿ ಮತ್ತೆ ಕೊಟ್ಟರೆ ಮತ್ತೆ ಮುಷ್ಕರ.

ಕೀಲೆಣ್ಣೆ
66 ಡಿಗ್ರಿ. ಗೇರ್‌ನಾಲ್ಕು ಗೆದ್ದರು. ಕಂಪ್ರೆಷನ್ ನೋಡಿ, 15 ವರ್ಷದ ಎಂಜಿನ್ನಿಗೆ ಇದು ನಾಚಿಕೆ ಪಡೋ ಅಂಕಿ ಅಲ್ಲ. ಗ್ಯಾಸ್ಕೆಟ್ ಕಥೆ ಇಲ್ಲಿಗೆ ಮುಚ್ಚಿ. ಕೂಲಂಟ್ ಮಾಯವಾಗೋದಕ್ಕೆ ಮೊದಲ ಆರೋಪಿ ರೇಡಿಯೇಟರ್ ಕ್ಯಾಪ್. ಅದರ ಒಳಗಿನ ರಬ್ಬರ್ ವಾಷರ್ ಒಣಗಿ ಬಿರಿದಿದೆಯಾ ನೋಡಿ. ಕ್ಯಾಪಿನ ಮೇಲೆ 0.9, 1.1 ಅಂತ ಬರೆದಿರೋದು ಬಾರ್ ಲೆಕ್ಕದ ಒತ್ತಡ. ಆ ಒತ್ತಡ ಇದ್ದರೆ ಅರ್ಧಕ್ಕರ್ಧ ಬೆರೆಸಿದ ಕೂಲಂಟ್ 125 ಡಿಗ್ರಿ ದಾಟೋವರೆಗೂ ಕುದಿಯಲ್ಲ, ಇಲ್ಲದಿದ್ದರೆ 107ರ ಆಸುಪಾಸಲ್ಲೇ ಕುದಿಯುತ್ತೆ. ನಿಮ್ಮದು 109 ಮುಟ್ಟುತ್ತಿದೆ. ಕುದಿದು ರಿಸರ್ವ್ ಟ್ಯಾಂಕಿಂದ ಹೊರಚೆಲ್ಲಿ ಬಿಸಿ ಲೋಹದ ಮೇಲೆ ಆರಿಹೋದರೆ ನೆಲದಲ್ಲಿ ಹನಿ ಎಲ್ಲಿಂದ ಕಾಣಬೇಕು? ಅದೇ ನಂಬರಿನ ಹೊಸ ಕ್ಯಾಪ್ ಹಾಕಿ. ಹೆಚ್ಚಿನ ನಂಬರಿನದು ಹಾಕಿ ಜಾಣತನ ಮಾಡಿದರೆ ಹಳೇ ಹೋಸುಗಳು ಉಡುಗೊರೆ ಕೊಡ್ತವೆ. ಬಿಸಿ ಇರುವಾಗ ಕ್ಯಾಪಿಗೆ ಕೈ ಹಚ್ಚಬೇಡಿ.

ವಾಟರ್ ಪಂಪ್ ಕೆಳಗಿನ ಪುಟ್ಟ ತೂತಿನ ಸುತ್ತ ಬಣ್ಣದ ಉಪ್ಪು ಕಟ್ಟಿದೆಯಾ ಅದನ್ನೂ ನೋಡಿ. ಹೀಟರ್ ಹಾಕಿದಾಗ ಗಾಜು ಮಬ್ಬಾಗಿ ಸಿಹಿ ವಾಸನೆ ಬಂದರೆ, ಮುಂದಿನ ಕಾರ್ಪೆಟ್ ಒದ್ದೆ ಇದ್ದರೆ, ಹೀಟರ್ ಕೋರ್ (ಒಳಗೆ ಬಿಸಿ ಗಾಳಿ ಕೊಡೋ ಪುಟ್ಟ ರೇಡಿಯೇಟರ್) ಸೋರುತ್ತಿದೆ.

ಟರ್ಬೋತಮ್ಮ
ರೇಡಿಯೇಟರಿಗೆ ಸುರಿಯೋ ಲೀಕ್ ಸ್ಟಾಪ್ ಬಾಟ್ಲಿ ಬರುತ್ತಲ್ಲ?

ಗೇರ್‌ನಾಲ್ಕು
ಅದಕ್ಕೆ ಎಲ್ಲಿ ತೂತು, ಎಲ್ಲಿ ದಾರಿ ಅಂತ ಕಣ್ಣಿಲ್ಲ ಮಾರಾಯಾ. ಹೀಟರ್ ಕೋರಿನ ಸಪೂರ ನಳಿಗೆಯಲ್ಲೇ ಮೊದಲು ಕಟ್ಟಿಕೊಳ್ತದೆ.

ವೋಲ್ಟ್‌ಮೀಟರ್
ಈಗ ಬ್ರಷ್ ಕೆಲಸ. ಹೊಸ ಫ್ಯಾನ್ ಬೇಕಿಲ್ಲ. ಫ್ಯಾನ್ ಚೌಕಟ್ಟು ಸಮೇತ ಹೊರಗೆ ತೆಗೆಯಿರಿ, ರೇಡಿಯೇಟರ್ ರೆಕ್ಕೆಗಳಿಗೆ ತಾಗದಂತೆ ನಡುವೆ ರಟ್ಟು ಇಳಿಸಿಕೊಳ್ಳಿ. ರೆಕ್ಕೆಯ ನಟ್ ಕೆಲವು ಗಾಡೀಲಿ ಉಲ್ಟಾ ಥ್ರೆಡ್, ಬಲ ಹಾಕೋ ಮುಂಚೆ ಎರಡೂ ಕಡೆ ಮೆಲ್ಲಗೆ ಪ್ರಯತ್ನಿಸಿ. ಮೋಟರಿನ ಮುಚ್ಚಳಕ್ಕೂ ಡಬ್ಬಕ್ಕೂ ಮಾರ್ಕರಲ್ಲಿ ಒಂದು ಗೆರೆ ಎಳೆದು ಬಿಚ್ಚಿ, ವಾಪಸ್ ಅದೇ ಕೋನದಲ್ಲಿ ಕೂರಬೇಕು.

ಒಳಗೆ ಬ್ರಷ್ ಮೂರ್ನಾಲ್ಕು ಮಿ.ಮೀ. ಮೊಂಡಾಗಿ ಉಳಿದಿರುತ್ತೆ, ಸ್ಪ್ರಿಂಗ್ ತಳ ಮುಟ್ಟಿರುತ್ತೆ. ಹಳೇದನ್ನ ಅಂಗಡಿಗೆ ಒಯ್ದು ಅಗಲ, ದಪ್ಪ ಹೊಂದೋದು ತನ್ನಿ. ಸ್ವಲ್ಪ ದೊಡ್ಡದು ಸಿಕ್ಕರೂ ಸರಿ, ಮರಳು ಕಾಗದದ ಮೇಲೆ ಉಜ್ಜಿ ಇಳಿಸಬಹುದು. ಗೂಡಿನಲ್ಲಿ ತಾನಾಗೇ ಜಾರಬೇಕು, ಗಡಗಡ ಅಲ್ಲಾಡಬಾರದು. ಜಡೆತಂತಿ ಬೆಸುಗೆ ಹಾಕುವಾಗ ಸೀಸ ತಂತಿಯೊಳಗೆ ಹೀರಿಕೊಂಡು ಹೋದರೆ ತಂತಿ ಕಡ್ಡಿಯಂತಾಗಿ ಬ್ರಷ್ ಸರಿಯಲ್ಲ, ಇಲ್ಲೇ ಹೆಚ್ಚು ಜನ ಎಡವೋದು. ತುದಿಗೆ ಹತ್ತಿರ ಇಕ್ಕಳದಿಂದ ತಂತಿ ಹಿಡಿದುಕೊಂಡೇ ಬೆಸೆಯಿರಿ, ಇಕ್ಕಳ ಬಿಸಿ ಕುಡಿಯುತ್ತೆ. ಕಮ್ಯುಟೇಟರ್ (ಬ್ರಷ್ ಉಜ್ಜೋ ತಾಮ್ರದ ಉರುಳೆ) ಕಪ್ಪಾಗಿದ್ದರೆ 600 ನಂಬರ್ ಮರಳು ಕಾಗದ, ಎಮರಿ ಬೇಡ. ತಾಮ್ರದ ಪಟ್ಟಿಗಳ ನಡುವಿನ ಸಂದನ್ನ ಸೂಜಿಯಲ್ಲಿ ಕೆರೆದು ಧೂಳು ತೆಗೆಯಿರಿ.

ಜೋಡಿಸಿದ ಮೇಲೆ ಪ್ಲಸ್ ಮೈನಸ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗಿ ಗಾಳಿ ಮುಂದಕ್ಕೆ ತಳ್ಳುತ್ತೆ. ರೇಡಿಯೇಟರಿನ ಮುಂಭಾಗಕ್ಕೆ ಒಂದು ಹಾಳೆ ಹಿಡಿಯಿರಿ, ಅಂಟಿಕೊಂಡರೆ ಸರಿ, ಹಾರಿದರೆ ತಂತಿ ಬದಲಿಸಿ.

ನಿಧಾನಸ್ಥ
ಇಷ್ಟೆಲ್ಲ ಯಾಕೆ? ಗುಜರಿಯಲ್ಲಿ ಅದೇ ಮಾಡೆಲಿನ ಫ್ಯಾನ್ ಸಿಕ್ಕರೆ ಹಾಕಿ ಮುಗಿಸಬಹುದಲ್ಲ.

ವೋಲ್ಟ್‌ಮೀಟರ್
ಅದರ ಬ್ರಷ್ಷೂ 15 ವರ್ಷದ್ದೇ ಸ್ವಾಮಿ.

ಕೀಲೆಣ್ಣೆ
ಗುಜರಿ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಬಾಗಿಲು, ಕನ್ನಡಿ, ದೀಪದ ಗೂಡು, ಕಿಟಕಿ ಮೋಟರ್, ಸೀಟು, ಆಲ್ಟರ್ನೇಟರ್, ಸ್ಟಾರ್ಟರ್ ಇವೆಲ್ಲ ಪರೀಕ್ಷೆ ಮಾಡಿ ತಂದರೆ ಲಾಭವೇ. ರಬ್ಬರಿನದು, ಉಜ್ಜಿ ಸವೆಯೋದು, ಪ್ರಾಣಕ್ಕೆ ಸಂಬಂಧಿಸಿದ್ದು ತರಬೇಡಿ: ಹೋಸು, ಬೆಲ್ಟು, ಬ್ರೇಕ್ ಪ್ಯಾಡು, ಸೀಟ್‌ಬೆಲ್ಟ್, ಏರ್‌ಬ್ಯಾಗ್. ಟೈರ್ ಕೂಡ. ಟೈರಿನ ಪಕ್ಕದ ನಾಲ್ಕಂಕಿ ಓದಿ, 2314 ಅಂದರೆ 2014ರ 23ನೇ ವಾರ. ಕಚ್ಚು ಎಷ್ಟೇ ಆಳ ಇದ್ದರೂ ಅಷ್ಟು ಹಳೇ ರಬ್ಬರ್ ಗಟ್ಟಿಯಾಗಿ, ಒದ್ದೆ ರಸ್ತೆಯಲ್ಲಿ ಸೋಪಿನಂತೆ ಜಾರುತ್ತೆ.

ಡೀಸೆಲಪ್ಪ
ಹಳೇ ಎಂಜಿನ್ನಿಗೆ ದಪ್ಪ ಆಯಿಲ್ ಹಾಕ್ರೀ, 20ಡಬ್ಲ್ಯೂ-50. ಸದ್ದು ನಿಲ್ತದ.

ಕೀಲೆಣ್ಣೆ
ಸದ್ದು ನಿಲ್ಲುತ್ತೆ, ತೊಂದರೆ ನಿಲ್ಲಲ್ಲ ಅಪ್ಪಾಜಿ. 5ಡಬ್ಲ್ಯೂ-30 ಹೇಳಿರೋ ಎಂಜಿನ್ನಿಗೆ ಅದನ್ನ ಸುರಿದರೆ ತಣ್ಣಗಿನ ಸ್ಟಾರ್ಟಲ್ಲಿ ಎಣ್ಣೆ ಮೇಲಿನ ಕ್ಯಾಮ್‌ಶಾಫ್ಟ್ ಮುಟ್ಟೋದು ತಡ ಆಗುತ್ತೆ. ಎಂಜಿನ್ ಹೆಚ್ಚು ಸವೆಯೋದೇ ಆ ಹೊತ್ತಿನಲ್ಲಿ. ಕೈಪಿಡಿ ಒಪ್ಪಿದರೆ 10ಡಬ್ಲ್ಯೂ-40ರವರೆಗೆ ಹೋಗಿ, ಅಷ್ಟೇ. ಆಯಿಲ್ ನಿಜವಾಗಿ ಕುಡಿಯುತ್ತಿದ್ದರೆ ಹೊಗೆ ನೋಡಿ. ನಿಂತ ಗಾಡಿ ಸ್ಟಾರ್ಟ್ ಮಾಡಿದಾಗ ಒಂದು ಗುಕ್ಕು ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್, ಎಳೆದಾಗೆಲ್ಲ ನೀಲಿ ಬಂದರೆ ರಿಂಗ್.

ಡೀಸೆಲಪ್ಪ
ಆತ್ರಿ, ಆಯಿಲ್ ಮಾತು ಬಿಡ್ತೀನಿ. ಆದ್ರ ಎಲ್ಲಾರೂ ನೀರು, ಫ್ಯಾನ್ ಅಂತ ಕುಂತೀರಿ, ಟೈಮಿಂಗ್ ಬೆಲ್ಟ್ (ಪಿಸ್ಟನ್, ವಾಲ್ವ್ ತಾಳ ಕೂಡಿಸೂದು) ಕಡೆ ಯಾರೂ ಹೊಳ್ಳಿ ನೋಡವಲ್ರಿ. ದಾಖಲೆ ಇಲ್ಲಂದ್ರ ಬದಲಿ ಮಾಡಿಲ್ಲ ಅಂತನ ತಿಳೀಬೇಕು. ಎಂಜಿನ್ ಪಕ್ಕದ ಕವರ್ ಪ್ಲಾಸ್ಟಿಕ್ ಇದ್ರ ಬಹುತೇಕ ಬೆಲ್ಟ್, ಅಲ್ಯೂಮಿನಿಯಂ ಇದ್ರ ಚೈನ್. ಬೆಲ್ಟ್ ಇದ್ರ ಮಾಡೆಲ್ ನೋಡಿ 60,000ದಿಂದ 1,00,000 ಕಿ.ಮೀ., ಇಲ್ಲಾ ಐದಾರು ವರ್ಷ, ಯಾವುದು ಮೊದಲು ಬರ್ತದೋ ಅದು. ಭಾಳ ಎಂಜಿನ್‌ದಾಗ ಬೆಲ್ಟ್ ಹರಿದ್ರ ಪಿಸ್ಟನ್ ಬಂದು ವಾಲ್ವಿಗೆ ಗುದ್ದತದ. ಆವಾಗ ನಿಮ್ಮ ಗ್ಯಾರೇಜ್‌ನವ್ರು ಹೇಳಿದ್ದ ಖರೇ ಆಗ್ತದ, ಎಂಜಿನ್ ಬಿಚ್ಚಬೇಕಾಗ್ತದ.

ಬೆಲ್ಟ್ ಜೋಡಿ ಟೆನ್ಷನರ್, ಐಡ್ಲರ್ ಪುಲ್ಲಿ ತಗೋರಿ. ವಾಟರ್ ಪಂಪ್ ಅದ ಬೆಲ್ಟ್ ಮ್ಯಾಲ ತಿರುಗೂದಿದ್ರ ಅದನ್ನೂ ಈಗ ಹಾಕ್ರಿ, ಎರಡು ಸಲ ಬಿಚ್ಚೂದು ತಪ್ಪತದ. ಮಾರ್ಕ್ ಕೂಡಿಸಿದ ಮ್ಯಾಲ ಸ್ಟಾರ್ಟ್ ಹೊಡೀಬ್ಯಾಡ್ರಿ. ಕ್ರ್ಯಾಂಕ್ ಬೋಲ್ಟಿಗೆ ಪಾನ ಹಾಕಿ ಎಂಜಿನ್ ತಿರುಗೋ ದಿಕ್ಕಿನಾಗ ಕೈಲೆ ಎರಡು ಪೂರ್ತಿ ಸುತ್ತು ತಿರುವ್ರಿ. ನಡುವ ಎಲ್ಲರ ಗಟ್ಟಿ ತಡೀತು ಅಂದ್ರ ನಿಂದರ್ರಿ, ಬಲ ಹಾಕಬ್ಯಾಡ್ರಿ. ಎರಡು ಸುತ್ತಿನ ಮ್ಯಾಲೂ ಮಾರ್ಕ್ ಕೂಡಿದ್ರಷ್ಟ ಕವರ್ ಮುಚ್ಚರಿ.

ಹದಿಮೂರರಪಾನ
ಅಪ್ಪಾಜಿ ಈ ಮಾತು ನೂರಕ್ಕೆ ನೂರು. ಬ್ರೇಕ್ ಆದ ಮೇಲೆ ದುಡ್ಡು ಹೋಗಬೇಕಾದ್ದು ಇಲ್ಲಿಗೆ. ಆದರೆ ಮೊದಲ ಸಲ ಪಾನ ಹಿಡಿಯೋರು ಇದನ್ನ ಒಬ್ಬರೇ ಮಾಡಬೇಡಿ. ಒಂದು ಹಲ್ಲು ತಪ್ಪಿದರೂ ಎಂಜಿನ್ ಎಳೆಯಲ್ಲ, ಹೆಚ್ಚು ತಪ್ಪಿದರೆ ವಾಲ್ವ್ ಬಾಗುತ್ತೆ. ಕಿಟ್ ನೀವೇ ತಂದು ಕೂಲಿ ಮಾತ್ರ ಕೊಡಿ.

ಹಳೇಬಂಡಿ
ಕವರ್ ಪ್ಲಾಸ್ಟಿಕ್, ಬೆಲ್ಟೇ. ಕಿಟ್‌ಗೆ ಎತ್ತಿಟ್ಟಿದ್ದೀನಿ. ಫ್ಯಾನ್ ಬ್ರಷ್ ಹಾಕಿದೆ, ತಿರುಗ್ತಿದೆ, ಹಾಳೆ ಅಂಟಿಕೊಂಡಿತು. ಥರ್ಮೋಸ್ಟಾಟ್ ಗೂಡು ಬಿಚ್ಚಿದೆ: ಒಳಗೆ ಏನೂ ಇಲ್ಲ, ಖಾಲಿ. ಕ್ಯಾಪಿನ ರಬ್ಬರ್ ಉಗುರಿಂದ ಒತ್ತಿದರೆ ಪುಡಿ ಉದುರಿತು.
ಪಿ0171 (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅನ್ನೋ ಕೋಡ್) ಬಗ್ಗೆ: ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನ ಶೇಕಡ ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಅನ್ನೋ ಅಂಕಿ) ಐಡಲಲ್ಲಿ +22, 2500 ಆರ್‌ಪಿಎಂ ಇಟ್ಟರೆ +5.

ಗೇರ್‌ನಾಲ್ಕು
ನೋಡಿ, ನಾನು ಹೇಳಿದ್ದೆ! ಹೊಸ ಥರ್ಮೋಸ್ಟಾಟ್ ತಂದವರು ಹಾಕುವ ಮೊದಲು ಪರೀಕ್ಷೆ ಮಾಡಿ, ಹೊಸತರಲ್ಲೂ ಹಾಳಾದ್ದು ಇರ್ತದೆ. ಅದರ ಮೇಲೆ 82 ಅಥವಾ 88 ಅಂತ ಕೊರೆದಿರ್ತದೆ. ಹಳೆ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಇಳಿಬಿಡಿ, ತಳಕ್ಕೆ ತಾಗಬಾರದು. ಕಾಯಿಸುವಾಗ ಥರ್ಮೋಮೀಟರ್ ನೋಡ್ತಾ ಇರಿ. ಬರೆದ ಅಂಕಿಯ ಹತ್ತಿರ ಸಣ್ಣ ಸಂದು ಬಿಡಬೇಕು, ಅಲ್ಲಿಂದ 10–15 ಡಿಗ್ರಿ ಮೇಲೆ ಹೋಗುವಾಗ 8 ಮಿ.ಮೀ. ಆದರೂ ತೆರೆದಿರಬೇಕು, ತಣಿದಾಗ ಪೂರ್ತಿ ಮುಚ್ಚಬೇಕು.

ಕೂರಿಸುವಾಗ ಸ್ಪ್ರಿಂಗ್ ಎಂಜಿನ್ ಕಡೆ. ಅಂಚಿನಲ್ಲಿ ಅಲ್ಲಾಡುವ ಪುಟ್ಟ ಪಿನ್ ಉಂಟಲ್ಲ, ಗಾಳಿ ಹೋಗಲಿಕ್ಕೆ, ಅದು ಮೇಲ್ಮುಖ. ಗೂಡಿನ ಬೋಲ್ಟುಗಳು ಸಣ್ಣ 6 ಮಿ.ಮೀ.ದು, ಅಲ್ಯೂಮಿನಿಯಂಗೆ ಹೋಗುವಂಥದ್ದು. 10 ನ್ಯೂಟನ್ ಮೀಟರ್ ಸಾಕು. ಉದ್ದ ಪಾನ ಹಾಕಿ ಎಳೆದರೆ ಥ್ರೆಡ್ ಕಿತ್ತು ಬರ್ತದೆ.

ಕೀಲೆಣ್ಣೆ
ಕೂಲಂಟ್ ತುಂಬೋದ್ರಲ್ಲಿ ಎಲ್ಲರೂ ಮಾಡೋ ಲೆಕ್ಕದ ತಪ್ಪು ಒಂದಿದೆ. ಕೈಪಿಡಿಯಲ್ಲಿ ಒಟ್ಟು 4.8 ಲೀಟರ್ ಅಂತ ಇದೆ ಅನ್ಕೊಳ್ಳಿ. ರೇಡಿಯೇಟರಿನ ಕೆಳಗಿನ ಹೋಸ್ ಬಿಚ್ಚಿದರೆ 3 ಲೀಟರ್ ಬರಬಹುದು, ಉಳಿದದ್ದು ಬ್ಲಾಕಿನಲ್ಲೂ ಹೀಟರಲ್ಲೂ ಇರುತ್ತೆ. ನೀವು ನೀರು ಹಾಕಿ ತೊಳೆದಿದ್ದರೆ ಒಳಗಿರೋದು ಬರೀ ನೀರು. ಅದರ ಮೇಲೆ ಅರ್ಧ ನೀರು ಬೆರೆಸೇ ಬರೋ ರೆಡಿಮಿಕ್ಸ್ 3 ಲೀಟರ್ ಸುರಿದರೆ ಮಿಶ್ರಣ ಶೇ. 30ರ ಸುಮಾರಿಗೆ ಬೀಳುತ್ತೆ. ಅದಕ್ಕೇ ಬೆರೆಸದ ಕಾನ್ಸಂಟ್ರೇಟ್ ತಂದು, ಒಟ್ಟಿನ ಅರ್ಧ ಅಂದರೆ 2.4 ಲೀಟರ್ ಮೊದಲು ಹಾಕಿ, ಉಳಿದ ಜಾಗಕ್ಕೆ ನೀರು ತುಂಬಿ.

ಗಾಳಿ ತೆಗೆಯೋದು: ಗಾಡಿಯ ಮೂತಿ ಸ್ವಲ್ಪ ಎತ್ತರಕ್ಕೆ, ಹೀಟರ್ ಪೂರ್ತಿ ಬಿಸಿಗೆ, ಎಂಜಿನ್ ತಣ್ಣಗಿದ್ದಾಗಲೇ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆ ಬಂದಂತೆ ತುಂಬುತ್ತಾ ಹೋಗಿ, ಮೇಲಿನ ಹೋಸ್ ಬೆಚ್ಚಗಾಗುತ್ತಿದ್ದಂತೆ ಕ್ಯಾಪ್ ಹಾಕಿ. ಆಮೇಲೆ ಫ್ಯಾನ್ ಎರಡು ಸಲ ಹತ್ತಿ ಆರೋವರೆಗೆ ಬಿಡಿ. ಪೂರ್ತಿ ತಣಿದ ಮೇಲೆ ಮಟ್ಟ ನೋಡಿದರೆ ಇನ್ನೊಂದು ಕಾಲು ಲೀಟರ್ ಹಿಡಿಯುತ್ತೆ.

ಟರ್ಬೋತಮ್ಮ
ನಲ್ಲಿ ನೀರು ಓಕೆನಾ?

ಕೀಲೆಣ್ಣೆ
ಬ್ಯಾಟರಿಗೆ ಹಾಕೋ ನೀರು ತನ್ನಿ. ನಲ್ಲಿ ನೀರಿನ ಸುಣ್ಣ ರೇಡಿಯೇಟರ್ ಒಳಗೆ ಪದರ ಕಟ್ಟುತ್ತೆ. ಮತ್ತೆ ಬಣ್ಣ ನೋಡಿ ಕೂಲಂಟ್ ಬೆರೆಸಬೇಡಿ. ಹಸಿರು, ಕೆಂಪು, ನೀಲಿ ಅನ್ನೋದು ಕಂಪನಿಯವರ ಇಷ್ಟ, ಒಳಗಿನ ರಾಸಾಯನಿಕಕ್ಕೆ ಬಣ್ಣದ ನಿಯಮ ಇಲ್ಲ. ಕೆಲವು ಜಾತಿ ಬೆರೆತರೆ ಅಂಬಲಿಯಂತೆ ಗಟ್ಟಿಯಾಗುತ್ತೆ.

ವೋಲ್ಟ್‌ಮೀಟರ್
ಟ್ರಿಮ್ಮಿಗೆ ಬರೋಣ. ಐಡಲಲ್ಲಿ +22, ಆರ್‌ಪಿಎಂ ಏರಿಸಿದರೆ +5. ಇದು ಕದ್ದ ಗಾಳಿ, ಎಲ್ಲೋ ತೂತಿಂದ ಲೆಕ್ಕಕ್ಕೆ ಸಿಗದೆ ಒಳಗೆ ನುಗ್ಗುತ್ತಿದೆ. ಥ್ರಾಟಲ್ ಮುಚ್ಚಿದಾಗ ತೂತಿನ ಪಾಲು ದೊಡ್ಡದು, ತೆರೆದಾಗ ಬರೋ ಗಾಳಿಯ ಮುಂದೆ ಅದು ಲೆಕ್ಕಕ್ಕಿಲ್ಲ. ಉಲ್ಟಾ ಇದ್ದಿದ್ದರೆ, ಅಂದರೆ ಎಳೆದಾಗ ಪ್ಲಸ್ ಹೆಚ್ಚಿದ್ದಿದ್ದರೆ, ಪಂಪು, ಫಿಲ್ಟರ್ ನೋಡಿ ಅಂತಿದ್ದೆ.

ಇಂಟೇಕ್ ಮ್ಯಾನಿಫೋಲ್ಡಿಗೆ ಹೋಗೋ ಸಣ್ಣ ಹೋಸುಗಳನ್ನ ಒಂದೊಂದಾಗಿ, ಬಾಯಿಗೆ ಬಟ್ಟೆ ಸುತ್ತಿದ ಇಕ್ಕಳದಿಂದ ಹಿಸುಕಿ ಹಿಡಿದು ಐಡಲ್ ಕೇಳಿಸಿಕೊಳ್ಳಿ. ಯಾವುದನ್ನ ಹಿಸುಕಿದಾಗ ಉಯ್ಯಾಲೆ ನಿಲ್ಲುತ್ತೋ ಆ ದಾರೀಲೇ ತೂತು. ಪಿಸಿವಿ ಹೋಸಿನ (ಎಂಜಿನ್ನೊಳಗಿನ ಆವಿಯನ್ನ ಇಂಟೇಕಿಗೆ ವಾಪಸ್ ಎಳೆಯೋದು) ಬಾಗಿದ ಜಾಗದ ಅಡಿಭಾಗ ಮೊದಲು ನೋಡಿ, ಮೇಲಿಂದ ಚೆನ್ನಾಗಿ ಕಾಣುತ್ತೆ, ಕೆಳಗೆ ಸೀಳಿರುತ್ತೆ. ಬ್ರೇಕ್ ಬೂಸ್ಟರಿನ (ಪೆಡಲ್ ಒತ್ತಿಗೆ ಬಲ ಸೇರಿಸೋ ಡಬ್ಬ) ದಪ್ಪ ಹೋಸನ್ನೂ ಬಿಡಬೇಡಿ. ಬಿಸಿ ಎಂಜಿನ್ ಮೇಲೆ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಪತ್ತೆ ಮಾಡೋ ವಿಡಿಯೋ ನೋಡಿ ಮಾಡಬೇಡಿ, ಹತ್ತಿಕೊಳ್ಳುತ್ತೆ.

ನಿಧಾನಸ್ಥ
ಬೂಸ್ಟರಿಗೆ ಇನ್ನೂ ಸುಲಭದ ಪರೀಕ್ಷೆ: ಎಂಜಿನ್ ಆಫ್ ಇರುವಾಗ ಪೆಡಲ್ ಐದಾರು ಸಲ ಒತ್ತಿ ಗಟ್ಟಿಯಾದ ಮೇಲೆ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಹೋದರೆ ಬೂಸ್ಟರ್ ಬದುಕಿದೆ.

ಹಳೇಬಂಡಿ
ಪಿಸಿವಿ ಹೋಸೇ! ಅಡಿಭಾಗದಲ್ಲಿ ಎರಡು ಇಂಚು ಸೀಳು. ಹೊಸದು ಹಾಕಿ ಕೋಡ್ ಅಳಿಸಿದೆ, ಟ್ರಿಮ್ ಐಡಲಲ್ಲಿ +3. ಥರ್ಮೋಸ್ಟಾಟ್, ಕ್ಯಾಪ್, ಕೂಲಂಟ್ ಎಲ್ಲ ಆಯ್ತು. ಹೈವೇಲಿ 88–90, ಟ್ರಾಫಿಕ್ಕಲ್ಲಿ 98ಕ್ಕೆ ಫ್ಯಾನ್ ಹತ್ತಿ 92ಕ್ಕೆ ಆರುತ್ತೆ.
ಬ್ರೇಕ್: ಹದಿಮೂರರಪಾನ ಹೇಳಿದ್ದೇ ನಿಜ, ಒಳಗಿನ ಪ್ಯಾಡ್ ಸೊನ್ನೆ, ಹೊರಗಿನದು 5 ಮಿ.ಮೀ., ಕೆಳಗಿನ ಪಿನ್ ಹಿಡಿದಿತ್ತು. ಎಡಡಿಸ್ಕಿನ ಮೇಲೆ ಉಗುರು ಸಿಕ್ಕಿಕೊಳ್ಳೋಷ್ಟು ಗೀರು. ವರ್ನಿಯರಲ್ಲಿ 16.8 ಬಂತು, ಡಿಸ್ಕಿನ ಮೇಲೆ ಕನಿಷ್ಠ 15 ಅಂತ ಇದೆ. ಉಳಿಸಿಕೊಳ್ಳಬಹುದಾ?

ಹದಿಮೂರರಪಾನ
16.8 ಎಲ್ಲಿ ಅಳೆದಿರಿ? ಅಂಚಿನಲ್ಲಿ ಸವೆಯದ ತುಟಿ ಇರುತ್ತೆ, ವರ್ನಿಯರ್ ಅದನ್ನ ಹಿಡಿಯುತ್ತೆ. ಒಂದೇ ತರದ ಎರಡು ನಾಣ್ಯ ಡಿಸ್ಕಿನ ಎರಡೂ ಕಡೆ, ಪ್ಯಾಡ್ ಉಜ್ಜೋ ಜಾಗದಲ್ಲಿ ಇಟ್ಟು ಅವುಗಳ ಮೇಲೆ ಅಳೆಯಿರಿ. ಬಂದದ್ದರಲ್ಲಿ ಎರಡು ನಾಣ್ಯದ ದಪ್ಪ ಕಳೆಯಿರಿ.

ಹಳೇಬಂಡಿ
15.4.

ಹದಿಮೂರರಪಾನ
ಎರಡೂ ಡಿಸ್ಕ್ ಹೊಸದು. ಗೀರು ಹೋಗೋಷ್ಟು ಲೇತ್ ಹಿಡಿಸಿದರೆ 15ರ ಕೆಳಗೆ ಹೋಗುತ್ತೆ. ಹಾಗೇ ಬಿಟ್ಟರೆ ಹೊಸ ಪ್ಯಾಡ್ ಗೀರಿನ ಆಕಾರಕ್ಕೆ ತೇಯುತ್ತೆ, ಅಷ್ಟರಲ್ಲಿ ಡಿಸ್ಕೂ ಮಿತಿ ದಾಟುತ್ತೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿರುತ್ತಾರೆ, ಬ್ರೇಕ್ ಕ್ಲೀನರಲ್ಲಿ ಪೂರ್ತಿ ಒರೆಸಿ. ಡಿಸ್ಕ್ ಕೂರೋ ಹಬ್ಬಿನ ಮುಖದ ತುಕ್ಕು ತಂತಿ ಬ್ರಷ್ಷಲ್ಲಿ ತೆಗೆಯಿರಿ, ಅಲ್ಲಿ ಒಂದು ಚೂರು ಉಳಿದರೂ ಡಿಸ್ಕ್ ಓಲಾಡಿ ಪೆಡಲ್ ನಡುಗುತ್ತೆ. ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸಬೇಡಿ, ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣಿಸಿ. ಚಕ್ರದ ನಟ್ಟು 100 ಕಿ.ಮೀ. ಒಳಗೆ ಇನ್ನೊಮ್ಮೆ ಬಿಗಿ ನೋಡಿ.

ಹಳೇಬಂಡಿ
ಡಿಸ್ಕ್, ಪ್ಯಾಡ್ ಆಯ್ತು, ಸದ್ದು ನಿಂತಿದೆ. ಬೆಲ್ಟ್ ಕಿಟ್ ಮುಂದಿನ ವಾರ, ಅಲ್ಲಿವರೆಗೆ ಗಾಡಿ ನಿಂತಲ್ಲೇ. ಎಲ್ಲರಿಗೂ ಧನ್ಯವಾದ. ಒಂದು ಹೊಸ ತೊಂದರೆ: ಹಾರ್ನ್ ಹೊಡೆದರೆ ಸದ್ದೇ ಇಲ್ಲ. ಫ್ಯೂಸ್ ಸರಿ ಇದೆ. ಹಾರ್ನಿಗೆ ನೇರ ಕರೆಂಟ್ ಕೊಟ್ಟರೆ ಕೂಗುತ್ತೆ. ಸ್ಟೀರಿಂಗ್ ಬಿಚ್ಚಬೇಕಾ?

ವೋಲ್ಟ್‌ಮೀಟರ್
ರಿಲೇ ವಾಪಸ್ ಹಾಕಿದ್ರಾ?

ಹಳೇಬಂಡಿ
ಟೂಲ್ ಡಬ್ಬೀಲಿತ್ತು.